ಕಿವಿಗೆ ಬಿದ್ದ ನಾಯಕ

ಶೃಂಗಾರನಾಯಕರನ್ನು ಅನುಕೂಲ, ದಕ್ಷಿಣ, ಶಠ, ಧೃಷ್ಟರೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ ‘ದಶರೂಪಕ’ದ ಕರ್ತೃವಾದ ಧನಂಜಯನು, ಒಬ್ಬಳಲ್ಲಿಯೇ ನಿಷ್ಠೆಯುಳ್ಳವನಿಂದ ಮೊದಲುಗೊಂಡು, ಮೈಮೇಲೆ ಅಪರಾಧದ ಗುರುತು ಎದ್ದು ಕಾಣುತ್ತಿದ್ದರೂ ನಾಚದವನವರೆಗೆ, ಲೋಕದ ಪ್ರಣಯಿಗಳೆಲ್ಲರೂ ಈ ನಾಲ್ಕು ಮನೆಗಳಲ್ಲಿ ಅಡಗಿದರೆಂದು ಸಮಾಧಾನಪಟ್ಟುಕೊಂಡಿರಬೇಕು. ಪಾಪ, 10ನೆಯ ಶತಮಾನದ ಆ ವಿದ್ವಾಂಸನಿಗೆ ಸುಪ್ರಸಿದ್ಧನೆಂಬ ಐದನೆಯ ನಾಯಕನ ಪರಿಚಯವಿರಲಿಲ್ಲ. ಅಮೆರಿಕದ ಇಂಗ್ಲಿಷ್ ಪ್ರಣಯಕಾದಂಬರಿಗಳಲ್ಲಿ ಬೆಳೆದು, ಆಡಿಯೋಬುಕ್ಕಿನ ಕೃಪೆಯಿಂದ ಕೇಳುಗರ ಕಿವಿಯನ್ನು ಹೊಕ್ಕಿರುವ ಈ ಮಹಾಶಯನನ್ನು ಅನುಕೂಲನೆನ್ನೋಣವೆಂದರೆ ಆತನ ನಿಷ್ಠೆಯೆಲ್ಲವೂ ತನ್ನಲ್ಲಿಯೇ ನೆಟ್ಟಿದೆ. ಶಠನೆನ್ನೋಣವೆಂದರೆ ಗುಟ್ಟಾಗಿ ಕೇಡೆಸಗುವಷ್ಟು ಏಕಾಂತವೇ ಆತನಿಗಿಲ್ಲ.

ವೃತ್ತಿಯಿಂದ ಆತನು ರಾಕ್ ಗಾಯಕ, ಇಲ್ಲವೆ ಹಾಲಿವುಡ್ಡಿನ ನಟ, ಅದೂ ಇಲ್ಲವಾದರೆ ಐಸ್ ಹಾಕಿಯ ಆಟಗಾರ. ವಾಸ, ಮಾಲಿಬುವಿನ ಕಡಲತಡಿಯ ಗಾಜಿನ ಸೌಧದಲ್ಲಿ. ಗಾಯನವನ್ನಾಗಲಿ ಅಭಿನಯವನ್ನಾಗಲಿ ಆತನು ಸಾಧನೆ ಮಾಡುವುದನ್ನು ಯಾವ ಅಧ್ಯಾಯದಲ್ಲಿಯೂ ಕಾಣೆವು, ಸಾಧನೆಯೇನಿದ್ದರೂ ವ್ಯಾಯಾಮಶಾಲೆಯಲ್ಲಿ. ಡ್ರೈವರನನ್ನು ಗದರಿಸಿ, ಮ್ಯಾನೇಜರನಿಗೆ ಬೆನ್ನು ತಿರುಗಿಸಿ, ಸಂದರ್ಶನಕ್ಕೆ ಬಂದವರನ್ನು ಎರಡು ತಾಸು ಕಾಯಿಸಿ, ಕಡೆಗೊಮ್ಮೆ ಕಾಫಿ ಅಂಗಡಿಯೊಂದರ ಬಾಗಿಲಲ್ಲಿ ಕಥಾನಾಯಿಕೆಗೆ ಡಿಕ್ಕಿ ಹೊಡೆದು ಆಕೆಯ ಕಾಫಿಯನ್ನು ಆಕೆಯ ಮೇಲೆಯೇ ಚೆಲ್ಲಿದ ಬಳಿಕ, ಆಟೋಗ್ರಾಫಿಗಾಗಿ ಬೇಕೆಂತಲೇ ಅಡ್ಡ ಬಂದೆಯಾ ಎಂದು ಆತನೇ ಆಕೆಯನ್ನು ಕೇಳುತ್ತಾನೆ. ಆಕೆಗೋ ಈತನು ಯಾರೆಂಬುದೇ ತಿಳಿಯದು. ಲೋಕದಲ್ಲಿ ತನ್ನನ್ನು ಅರಿಯದವರೊಬ್ಬರು ಇದ್ದಾರೆಂಬ ಈ ಅವಮಾನವನ್ನು ಸಹಿಸಲಾರದೆ ಆತನು ಅನುರಕ್ತನಾಗುತ್ತಾನೆ. ಕೆಟ್ಟ ಹೆಸರನ್ನು ತೊಳೆದುಕೊಳ್ಳುವ ಸಲುವಾಗಿ ಕೆಲವು ತಿಂಗಳು ಪ್ರೇಯಸಿಯಂತೆ ನಟಿಸಬೇಕೆಂದು ಆಕೆಯನ್ನು ಒಪ್ಪಿಸುವುದು ಈ ಕಥೆಗಳಲ್ಲಿ ರೂಢಿ. ಆದುದರಿಂದ ಇತರರು ಪತ್ರದಿಂದಲೋ ಪುಷ್ಪದಿಂದಲೋ ಆರಂಭಿಸುವ ವ್ಯವಹಾರವನ್ನು ಈತನು ವಕೀಲರು ಬರೆದ ಗೋಪ್ಯತೆಯ ಕರಾರಿನಿಂದ ಆರಂಭಿಸುತ್ತಾನೆ.

ಇಷ್ಟು ದುರ್ಗುಣಗಳನ್ನು ಹೊತ್ತವನು ನಾಯಕಪದವಿಯಲ್ಲಿ ಉಳಿಯುವುದಾದರೂ ಹೇಗೆಂದು ಸಂಶಯಪಡುವವರಿಗೆ ಗ್ರಂಥಮಧ್ಯದಲ್ಲಿ ಉತ್ತರ ಸಿದ್ಧವಾಗಿದೆ. ಒಂದು ಮಳೆಯ ರಾತ್ರಿ ಆತನು ತನ್ನ ಬಾಲ್ಯವನ್ನು ಬಿಚ್ಚಿಡುತ್ತಾನೆ: ತಂದೆ ಕುಡುಕ, ತಾಯಿ ಮನೆ ಬಿಟ್ಟವಳು, ಮೊದಲ ಪ್ರೇಯಸಿ ತಮ್ಮ ಗುಟ್ಟುಗಳನ್ನು ಪತ್ರಿಕೆಗೆ ಮಾರಿದವಳು. ಆ ಕ್ಷಣದಿಂದ ಆತನ ಹಿಂದಿನ ಒರಟುತನವೆಲ್ಲ ವೇದನೆಯೆಂದೂ ಮುಂದಿನದೆಲ್ಲ ಮುಗ್ಧತೆಯೆಂದೂ ನಾವು ಬಗೆಯತಕ್ಕದ್ದು. ಆತನಿಂದ ಬೈಸಿಕೊಂಡ ಡ್ರೈವರನಿಗೂ ಒಂದು ಬಾಲ್ಯವಿದ್ದಿರಬಹುದು, ಅದೂ ಸುಖದ್ದಾಗಿರಲಿಲ್ಲವೆಂದೂ ಊಹಿಸಬಹುದು. ಆದರೆ ಆತನಿಗೆ ಅಧ್ಯಾಯವನ್ನು ಕೊಟ್ಟವರಿಲ್ಲವಾದುದರಿಂದ ಆತನು ಸಭ್ಯನಾಗಿಯೇ ಇರಬೇಕಾಗಿದೆ.

ದುರಭಿಮಾನಿಯಾದ ಪ್ರಣಯಿ ಇಂಗ್ಲಿಷ್ ಕಾದಂಬರಿಗೆ ಹೊಸಬನಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. 1740ರಷ್ಟು ಹಿಂದೆಯೇ ರಿಚರ್ಡ್‌ಸನ್ನನ ‘ಪಮೇಲಾ’ದಲ್ಲಿ, ದಾಸಿಯನ್ನು ಕೂಡಿಹಾಕಿದ ಯಜಮಾನನೇ ಕಡೆಗೆ ಆಕೆಯ ಕೈಹಿಡಿದನು, 1847ರ ‘ಜೇನ್ ಐರ್’ನ ರಾಚೆಸ್ಟರನು ಹೆಂಡತಿಯನ್ನು ಅಟ್ಟದ ಮೇಲೆ ಬಚ್ಚಿಟ್ಟುಕೊಂಡು ಇನ್ನೊಂದು ಮದುವೆಗೆ ಹೊರಟನು. ಆದರೆ ಈ ವಂಶದ ಕುಲದೀಪಕನೆಂದರೆ 1813ರಲ್ಲಿ ಅವತರಿಸಿದ ಜೇನ್ ಆಸ್ಟಿನ್ನಳ ಡಾರ್ಸಿ. ಆತನ ಅಹಂಕಾರವನ್ನು ನಾವು ಬಹುಮಟ್ಟಿಗೆ ಕಥಾನಾಯಿಕೆ ಎಲಿಜಬೆತ್ತಳ ಕಣ್ಣಿನಿಂದಲೇ ಕಾಣುತ್ತೇವೆ. ಆತನ ಅಂತರಂಗವು ಒಂದು ಪತ್ರದಲ್ಲಿ ತೆರೆದುದನ್ನು ಬಿಟ್ಟರೆ ಹೆಚ್ಚುಕಡಮೆ ಮುಚ್ಚಿಯೇ ಇದೆ. ಮೌನವಾಗಿರುವವನಲ್ಲಿ ನಮಗೆ ಬೇಕಾದ ಗಾಂಭೀರ್ಯವನ್ನು ನಾವೇ ತುಂಬಿಕೊಳ್ಳಬಹುದೆಂಬ ಸೂಕ್ಷ್ಮವು ಆ ಲೇಖಕಿಗೆ ಚೆನ್ನಾಗಿ ತಿಳಿದಿತ್ತು.

ಇಂದಿನ ಆಡಿಯೋಬುಕ್ಕು ಮೊದಲು ಕಳೆದುಕೊಂಡದ್ದೇ ಈ ಮೌನವನ್ನು. ಅಧ್ಯಾಯಗಳನ್ನು ನಾಯಿಕೆಯೂ ನಾಯಕನೂ ಸರದಿಯಂತೆ ಉತ್ತಮಪುರುಷದಲ್ಲಿ ನಿರೂಪಿಸುವುದು ಈಗಿನ ಪದ್ಧತಿ. ಓದುವುದಕ್ಕೆ ಒಬ್ಬ ನಟಿ, ಒಬ್ಬ ನಟ. ಹೀಗಾಗಿ ಸುಮಾರು ಹತ್ತು ತಾಸಿನ ಗ್ರಂಥದಲ್ಲಿ ಐದು ತಾಸು ಆತನೇ, ಬಾವಿಯ ತಳದಿಂದ ಹೊರಟಂಥ ಕಂಠದಲ್ಲಿ, ತನ್ನ ಭುಜ, ತನ್ನ ಬೇಸರ, ತನ್ನ ಅಭಿಮಾನಿಗಳ ಕಾಟ, ತನ್ನನ್ನು ಯಾರೂ ಅರಿಯಲಿಲ್ಲವೆಂಬ ಕೊರಗು, ಇವುಗಳನ್ನು ನಮ್ಮ ಕಿವಿಯೊಳಗೆ ಸುರಿಯುತ್ತಾನೆ. ಪುಟವಾಗಿದ್ದರೆ ಕಣ್ಣು ನಾಲ್ಕು ಸಾಲು ಹಾರಿಸಿ ಆತನಿಗೂ ನಮಗೂ ಉಪಕಾರ ಮಾಡುತ್ತಿತ್ತು. ಕೈಗಳು ಚಪಾತಿ ಲಟ್ಟಿಸುತ್ತಿರುವಾಗ ಕಿವಿಯು ಎಲ್ಲಿಗೆ ಓಡೀತು? ವೇಗವನ್ನು ಒಂದೂವರೆ ಪಟ್ಟಿಗೆ ಏರಿಸಿದರೆ ಆತನ ದೀರ್ಘನಿಶ್ವಾಸವೂ ಸೀನೂ ಒಂದೇ ಆಗಿ ಕೇಳುತ್ತವೆ. ಇನ್ನು ನಾಯಿಕೆಯ ಅಧ್ಯಾಯಗಳಲ್ಲಿ ಆತನ ಮಾತುಗಳನ್ನು ಅನೇಕ ಗ್ರಂಥಗಳಲ್ಲಿ ಆ ನಟಿಯೇ ದನಿ ತಗ್ಗಿಸಿ ಆಡಬೇಕಾಗುವುದರಿಂದ, ಆಗತಾನೆ ಗುಡುಗಿದ ವೀರನು ಮುಂದಿನ ಅಧ್ಯಾಯದಲ್ಲಿ ಗಂಟಲು ಕಟ್ಟಿದ ಸೋದರತ್ತೆಯ ಸ್ವರದಲ್ಲಿ ಪ್ರೇಮನಿವೇದನೆ ಮಾಡುತ್ತಾನೆ. ನಿಜ ಹೇಳುವುದಾದರೆ, ಆತನು ಸ್ವಲ್ಪವಾದರೂ ಪ್ರಿಯನೆನಿಸುವುದು ಅಲ್ಲಿಯೇ.

ಆದರೂ ಕೇಳುಗರು ಕಡೆಯ ಅಧ್ಯಾಯದವರೆಗೆ ಆತನನ್ನು ಸಹಿಸಿಕೊಳ್ಳುತ್ತಾರೆ. ಅವರನ್ನು ನಾನು ಹಳಿಯಲಾರೆ. ಸುಖಾಂತವು ಈ ಪ್ರಕಾರದ ಅಲಿಖಿತ ಶಾಸನವಾದುದರಿಂದ ಆತನು ಎಂದಾದರೊಂದು ದಿನ ತಲೆ ತಗ್ಗಿಸಲೇಬೇಕು. ಕಚೇರಿಯಲ್ಲಿಯೂ ಮನೆಯಲ್ಲಿಯೂ ಒಬ್ಬನಾದರೂ ಅಹಂಕಾರಿ ತಪ್ಪೊಪ್ಪಿಕೊಂಡುದನ್ನು ಕಂಡರಿಯದ ಹೆಣ್ಣುಮಕ್ಕಳು ಆ ಒಂದು ದಿನಕ್ಕಾಗಿ ಹತ್ತು ತಾಸು ಕಾಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ದಿನ ಬಂದಾಗ ನಮ್ಮ ನಾಯಕನು ಮಾಡುವುದೇನು? ಕಿಕ್ಕಿರಿದ ಕ್ರೀಡಾಂಗಣದಲ್ಲಿ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಮೈಕು ಹಿಡಿದು, ದೀಪವನ್ನು ಆಕೆಯ ಮುಖಕ್ಕೆ ತಿರುಗಿಸಿ, ಸಾವಿರಾರು ಮೊಬೈಲುಗಳು ಮೇಲೆದ್ದಿರುವಾಗ ಕ್ಷಮೆ ಬೇಡುತ್ತಾನೆ. ಒಲ್ಲೆನೆನ್ನುವ ಸ್ವಾತಂತ್ರ್ಯವು ಆಕೆಗೆ ಎಷ್ಟು ಉಳಿಯಿತೆಂಬುದನ್ನು ಯಾರೂ ವಿಚಾರಿಸುವುದಿಲ್ಲ. ಡಾರ್ಸಿಯಾದರೋ ಎಲಿಜಬೆತ್ತಳ ತಂಗಿಯ ಮಾನವನ್ನು ಉಳಿಸಲು, ಅವಳನ್ನು ಓಡಿಸಿಕೊಂಡು ಹೋದ ವಿಕ್‌ಹ್ಯಾಮನ ಸಾಲವನ್ನು ತೀರಿಸಿ, ಮದುವೆಯನ್ನು ಮಾಡಿಸಿ, ಈ ಸಂಗತಿ ಎಲಿಜಬೆತ್ತಳಿಗೆ ತಿಳಿಯಕೂಡದೆಂದು ಬಂಧುಗಳಿಗೆ ಕಟ್ಟಪ್ಪಣೆ ಮಾಡಿದನು.

ಒರಟುತನ, ಸಿಟ್ಟು, ಸಿರಿಯ ಸೊಕ್ಕು, ಇವೆಲ್ಲ ಕ್ಷಮಾರ್ಹವೇ ಇರಬಹುದು. ಸಾಕ್ಷಿಗಳಿಲ್ಲದೆ ಒಂದು ಒಳ್ಳೆಯ ಕೆಲಸವನ್ನೂ ಮಾಡಲರಿಯದಿರುವುದೇ ಈ ಐದನೆಯ ನಾಯಕನ ನಿಜವಾದ ದೋಷ. ಆದುದರಿಂದ ಕೇಳುಗ ಮಹನೀಯರಲ್ಲಿ ನನ್ನದೊಂದು ಬಿನ್ನಹ: ಆತನ ಕ್ಷಮಾಯಾಚನೆಗೆ ಕರಗುವ ಮುನ್ನ ಅದನ್ನು ಎಷ್ಟು ಮಂದಿಯ ಎದುರಿಗೆ ಮಾಡಿದನೆಂಬುದನ್ನು ಎಣಿಸಿ ನೋಡಿ, ಒಬ್ಬಳಿಗಿಂತ ಹೆಚ್ಚು ಮಂದಿ ಇದ್ದರೆ ಅದು ಕಾರ್ಯಕ್ರಮ, ಚಪ್ಪಾಳೆ ತಟ್ಟಿ ಎದ್ದು ಹೋಗುವುದೇ ಲೇಸು.