ಟಿಟ್ಟಿಭದ ತಕರಾರು

ಗೊರೇಬಾಳದ ಸೀಮೆಯಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನಿಂತವನು, ತಾನು ಪ್ರಕೃತಿವೀಕ್ಷಕನೆಂದು ಎಷ್ಟು ವಿನಯದಿಂದ ನಿವೇದಿಸಿಕೊಂಡರೂ, ಜನರ ದೃಷ್ಟಿಯಲ್ಲಿ ಸರ್ವೇದವನೇ ಸರಿ. “ರೋಡು ಈ ಕಡಿಂದ ಹೊಂಟೈತೇನ್ರಿ ಸರ?” ಎಂದು ಕೇಳಿದ ಹಿರಿಯರೊಬ್ಬರಿಗೆ, ಎಕ್ಕೆಗಿಡದ ಹುಳುವಿನ ಪಟ ತೆಗೆಯುತ್ತಿರುವೆನೆಂದು ಅರುಹಲು, ಅವರು ಕರುಣೆಯಿಂದ ನನ್ನನ್ನು ದಿಟ್ಟಿಸಿ, “ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?” ಎಂದು ವಿಚಾರಿಸಿದರು.

ಹೊಲವು ನಮ್ಮ ಬೀಗರದು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಎಡದಂಡೆ ಕಾಲುವೆಯ ನೀರು ಜೋಳದ ಎರೆಭೂಮಿಯನ್ನು ಭತ್ತದ ಗದ್ದೆಯಾಗಿಸಿದ ತರುವಾಯ, ತಗ್ಗಿನ ಹೊಲಗಳಲ್ಲಿ ಅಂತರ್ಜಲವೇರಿ, ತನ್ನೊಡನೆ ಲವಣವನ್ನೂ ಮೇಲಕ್ಕೆ ತಂದು, ನೆಲವೆಲ್ಲ ಸವಳಾಯಿತು. ಬೀಗರು ಬಸಿಗಾಲುವೆ ತೋಡಿಸಿದರು. ಅಮೆರಿಕ ಖಂಡದಿಂದ ಬಂದು ಪಿತ್ರಾರ್ಜಿತ ಹಕ್ಕಿನಿಂದೆಂಬಂತೆ ಹಬ್ಬಿದ್ದ ಬಳ್ಳಾರಿ ಜಾಲಿಯನ್ನು ಬುಡಸಹಿತ ಕೀಳಿಸಿದರು. ಆಮೇಲೆ ದಣಿದು, ಮೂಲೆಯ ತುಂಡನ್ನು ಉಳದೆ ಬಿಟ್ಟರು. ತಂಗಡಿ, ಕಾರೆ, ಬಾರೆ, ಉತ್ತರಾಣಿಗಳು ಆಮಂತ್ರಣಕ್ಕೆ ಕಾಯದೆ ಬಂದು ನೆಲಸಿದವು. ಈ ಪುನರುಜ್ಜೀವನದಲ್ಲಿ ಬೀಗರ ಉದ್ಯಮಕ್ಕಿಂತ ಅವರ ಆಲಸ್ಯದ ಪಾಲೇ ಹಿರಿದೆಂಬುದು ನನ್ನ ಮತ. ಬೀಗರೆದುರು ಇದನ್ನು ಆಡಿಲ್ಲ.

ಛಾಯಾಗ್ರಾಹಕನಿಗೆ ನಿಜವಾದ ಉಪಕಾರಿಯೆಂದರೆ ಎಕ್ಕೆಯ ಹುಳು. ಆ ಹಾಲಿನ ವಿಷವನ್ನೇ ಉಂಡು ಮೈಗೂಡಿಸಿಕೊಂಡುದರಿಂದ ಹಕ್ಕಿಗಳ ಭಯ ಅದಕ್ಕೆ ಅಷ್ಟಾಗಿಲ್ಲ; ಎಷ್ಟು ಹೊತ್ತಾದರೂ ಮೇಯುತ್ತ ಪಟಕ್ಕೆ ಕುಳಿತಿರುತ್ತದೆ. ನೀಲಕಂಠವೋ, ರಾಜ್ಯಪಕ್ಷಿಯೆಂಬ ಪದವಿಯ ಗಾಂಭೀರ್ಯದಿಂದ ಕರೆಂಟಿನ ತಂತಿಯ ಮೇಲೆ ಬಿಜಯಂಗೈದು, ನಾನು ಗುರಿ ಹಿಡಿದ ಕ್ಷಣದಲ್ಲಿಯೇ ಅಂತರ್ಧಾನವಾಗುವುದು. ಇನ್ನು ಟಿಟ್ಟಿಭ! ಪಂಚತಂತ್ರದಲ್ಲಿ ಮೊಟ್ಟೆಗಳಿಗಾಗಿ ಸಮುದ್ರದೊಡನೆಯೇ ವ್ಯಾಜ್ಯ ಹೂಡಿದ ಈ ವಂಶಕ್ಕೆ ನನ್ನಂಥವನು ಯಾವ ಲೆಕ್ಕ? ಹೆಂಟೆಗಳ ನಡುವೆ, ಹೆಂಟೆಯ ಬಣ್ಣದವೇ ಆದ ಮೊಟ್ಟೆಗಳನ್ನಿಟ್ಟು, ನಾನು ಬದುವಿನ ಮೇಲೆ ಕಾಲಿಟ್ಟೊಡನೆ ಅದು ನೆತ್ತಿಯ ಮೇಲೆ ಸುತ್ತುತ್ತ ಮಾಡುವ ಆಕ್ರಂದನವನ್ನು ಕೇಳಿ ಗೌಜಲಗಳು ಪೊದೆ ಸೇರುವುವು, ಮುಂಗುಸಿ ಬಸಿಗಾಲುವೆಗೆ ಇಳಿಯುವುದು, ನಾನೊಬ್ಬನು ಮಾತ್ರ ಬಯಲಿನಲ್ಲಿ ಅಪರಾಧಿಯಾಗಿ ಉಳಿಯುವೆನು. ಆ ಹಿರಿಯರು ದೂರದಿಂದಲೇ, “ಅದಕೂ ನೀವು ಸರ್ವೇದವ್ರೇ ಅನಿಸೈತ್ರಿ!” ಎಂದು ಕೂಗಿದರು.

ಸುತ್ತಣ ಹೊಲದವರಲ್ಲಿ ಒಂದೇ ಅರಿಕೆ: ಭತ್ತದ ಕೂಳೆಯನ್ನು ಸುಡಬೇಡಿರಿ; ಸುಟ್ಟೇ ತೀರುವೆವೆಂದರೆ ಬೆಂಕಿ ಬದುವಿಗೆ ಹತ್ತದಂತೆ ನೋಡಿಕೊಳ್ಳಿರಿ. ಮಾರ್ಚಿಯಿಂದ ಆಗಸ್ಟಿನವರೆಗೆ ಟಿಟ್ಟಿಭಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ.