ಮಾಜಿ ಮೀಮಾಂಸೆ: ಲೋಕಜ್ಞಾನಕ್ಕೂ ಕಳೆದುಹೋದ ಕುರ್ಚಿಗೂ ಇರುವ ಸಂಬಂಧ

ಲೋಕದ ಆಗುಹೋಗುಗಳ ಬಗ್ಗೆ ಸಾರ್ವಜನಿಕ ಉಪನ್ಯಾಸ ಏರ್ಪಡಿಸುವ ಕಾಲೇಜುಗಳಿಗೆ ಭೂಮಂಡಲದಲ್ಲಿ ಕೊರತೆಯಿಲ್ಲ. ಆದರೆ ಇಂಥ ಉಪನ್ಯಾಸಗಳಲ್ಲಿ ಯಾವುದೋ ಒಂದು ಚರಿತ್ರೆಯಾಗಿ, ಉಳಿದವೆಲ್ಲ ವಾರ್ಷಿಕ ವರದಿಯ ಒಂದು ಸಾಲಿನಲ್ಲಿ ಮುಗಿದುಹೋಗುವುದೇಕೆ ಎಂಬ ಪ್ರಶ್ನೆಯನ್ನು ಶಾಸ್ತ್ರಕಾರರು ಇದುವರೆಗೆ ಕೈಗೆತ್ತಿಕೊಂಡಂತಿಲ್ಲ. ಆ ಲೋಪವನ್ನು ಸರಿಪಡಿಸುವುದೇ ಈ ಪ್ರಬಂಧದ ಪ್ರಯೋಜನ. ನ್ಯಾಯಶಾಸ್ತ್ರ ವಿಧಿಸಿರುವ ಐದು ಅವಯವಗಳ ಕ್ರಮದಲ್ಲೇ ಹೊರಡೋಣ. ಪ್ರತಿಜ್ಞೆ: ಲೋಕದ ವಿಚಾರ ನಿಚ್ಚಳವಾಗಿ ಕಾಣುವುದು ಅಧಿಕಾರ ಕಳೆದುಕೊಂಡವರಿಗೆ ಮಾತ್ರ. ಹೇತು: ಕುರ್ಚಿಯಲ್ಲಿ ಕೂತವರ ಕಣ್ಣು ಸದಾ ಕುರ್ಚಿಯ ಕಾಲುಗಳ ಮೇಲಿರುತ್ತದೆ, ಲೋಕ ನೋಡಲು ಪುರುಸೊತ್ತಿರುವುದಿಲ್ಲ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎನ್ನುವ ಹಾಗೆ, ಎಲ್ಲಿ ಲೋಕಜ್ಞಾನವೋ ಅಲ್ಲಿ ಮಾಜಿತ್ವ ಎಂಬುದೇ ಇಲ್ಲಿಯ ವ್ಯಾಪ್ತಿ. ಉದಾಹರಣೆ ಕೇಳಿದರೆ ತರ್ಕಪಂಡಿತರು ಅಡುಗೆಮನೆಯನ್ನು ತೋರಿಸುತ್ತಾರೆ. ನಾವು ವ್ಯಾಯಾಮಶಾಲೆಯನ್ನು ತೋರಿಸುತ್ತೇವೆ.

ಅಮೆರಿಕದ ಮಿಸ್ಸೌರಿ ರಾಜ್ಯದ ಫುಲ್ಟನ್ ಎಂಬ ಪುಟ್ಟ ಊರಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಕಾಲೇಜು ಇದೆ. ಅಲ್ಲಿ ಓದಿ ವಕೀಲರಾಗಿದ್ದ ಜಾನ್ ಫಿಂಡ್ಲೆ ಗ್ರೀನ್ ಅವರ ನೆನಪಿಗೆ 1936ರಲ್ಲಿ ಒಂದು ದತ್ತಿ ಉಪನ್ಯಾಸಮಾಲೆ ಸ್ಥಾಪನೆಯಾಯಿತು. ದತ್ತಿ ಉಪನ್ಯಾಸಗಳ ಹಣೆಬರಹ ಬಲ್ಲವರಿಗೆ ಗೊತ್ತು: ಮುಂದಿನ ಸಾಲಿನಲ್ಲಿ ದತ್ತಿ ಇಟ್ಟವರ ಮನೆಯವರು, ಹಿಂದಿನ ಸಾಲುಗಳಲ್ಲಿ ಹಾಜರಿಯ ಭಯಕ್ಕೆ ಬಂದು ಕೂತ ವಿದ್ಯಾರ್ಥಿಗಳು. 1945ರ ಅಕ್ಟೋಬರಿನಲ್ಲಿ ಕಾಲೇಜಿನ ಅಧ್ಯಕ್ಷ ಫ್ರಾಂಕ್ ಮೆಕ್‌ಕ್ಲೂರ್ ಅವರು ವಿನ್‌ಸ್ಟನ್ ಚರ್ಚಿಲ್ಲರಿಗೆ ಆಹ್ವಾನ ಬರೆದರು. ಕಾಲೇಜಿನ ಹಳೆಯ ವಿದ್ಯಾರ್ಥಿ ಹ್ಯಾರಿ ವಾನ್ ಆಗ ಅಮೆರಿಕದ ಅಧ್ಯಕ್ಷ ಟ್ರೂಮನ್ನರ ಸೇನಾ ಸಹಾಯಕರಾಗಿದ್ದರು. ಅವರ ಮೂಲಕ ಕಾಗದ ಶ್ವೇತಭವನ ಹೊಕ್ಕಿತು. ಇದು ನಮ್ಮ ರಾಜ್ಯದ ಒಳ್ಳೆಯ ಕಾಲೇಜು, ನೀವು ಬಂದರೆ ನಾನೇ ಪರಿಚಯ ಮಾಡಿಕೊಡುತ್ತೇನೆ ಎಂಬರ್ಥದ ಮಾತನ್ನು ಟ್ರೂಮನ್ ಅದರ ಅಡಿಯಲ್ಲಿ ಕೈಯಾರೆ ಗೀಚಿದರು. ನಮ್ಮಲ್ಲಿ ಇದಕ್ಕೆ ವಶೀಲಿ ಎಂಬ ಪಾರಿಭಾಷಿಕ ಪದವಿದೆ. ಚರ್ಚಿಲ್ ಆ ಜುಲೈ ತಿಂಗಳಲ್ಲಷ್ಟೇ ಚುನಾವಣೆ ಸೋತಿದ್ದರು. ಸೋಲಿನ ಸಂಸ್ಕಾರ ಪೂರ್ತಿಯಾಗಲಿ ಎಂಬಂತೆ, ಮಿಸ್ಸೌರಿಗೆ ಬರುವ ರೈಲಿನಲ್ಲಿ ಟ್ರೂಮನ್ ಬಳಗದೊಂದಿಗೆ ಇಸ್ಪೀಟಾಡಿ ಅಲ್ಲೂ ಸೋತರು. ಹೀಗೆ ಪರಿಶುದ್ಧ ಮಾಜಿಯಾಗಿ 1946ರ ಮಾರ್ಚ್ 5ರಂದು ಕಾಲೇಜಿನ ವ್ಯಾಯಾಮಶಾಲೆಯಲ್ಲಿ ಮಾತಿಗೆ ನಿಂತರು. ಭಾಷಣದ ಶೀರ್ಷಿಕೆ ‘ಶಾಂತಿಯ ಸ್ನಾಯುಗಳು’; ಸ್ನಾಯುವಿನ ಚರ್ಚೆಗೆ ಗರಡಿಮನೆಗಿಂತ ತಕ್ಕ ಜಾಗ ಯಾವುದು? ಬಾಲ್ಟಿಕ್ ತೀರದ ಸ್ಟೆಟಿನ್‌ನಿಂದ ಏಡ್ರಿಯಾಟಿಕ್ ತೀರದ ಟ್ರಿಯೆಸ್ಟ್‌ವರೆಗೆ ಯೂರೋಪಿನ ನಡುವೆ ಕಬ್ಬಿಣದ ಪರದೆ ಇಳಿದಿದೆ ಎಂದು ಅವರು ಸಾರಿದ್ದು ಅಲ್ಲಿಯೇ. ಆಂಗ್ಲ ನುಡಿಯ ಜನಾಂಗಗಳು ಒಂದಾಗಬೇಕೆಂಬುದು ಭಾಷಣದ ತಿರುಳು. ಲೋಕ ತಿರುಳು ಬಿಟ್ಟು ಪರದೆಯನ್ನು ಹಿಡಿದುಕೊಂಡಿತು.

ಒಂದು ಉದಾಹರಣೆಯಿಂದ ವ್ಯಾಪ್ತಿ ಸಿದ್ಧಿಸದು ಎಂಬ ಆಕ್ಷೇಪಕ್ಕೆ ಫುಲ್ಟನ್ನೇ ಉತ್ತರ ಕೊಡುತ್ತದೆ. 1990ರಲ್ಲಿ ಅಲ್ಲಿಗೆ ಬಂದು ಮಾತಾಡಿದವರು ಮಾಜಿ ಅಧ್ಯಕ್ಷ ರೇಗನ್. 1992ರ ಮೇ ತಿಂಗಳಲ್ಲಿ ಬಂದವರು ಗೋರ್ಬಚೆವ್. ಅವರಂತೂ ಹುದ್ದೆಯನ್ನಷ್ಟೇ ಅಲ್ಲ, ದೇಶವನ್ನೇ ಮಾಜಿ ಮಾಡಿ ಬಂದವರು. ನಾಲ್ಕು ವರ್ಷಗಳ ನಂತರ ರಷ್ಯಾದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಶೇಕಡಾ ಒಂದರಷ್ಟೂ ಮತ ಪಡೆಯದೆ, ತಮ್ಮ ಉಪನ್ಯಾಸದ ಅರ್ಹತೆಯನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡರು. ಅದೇ 1996ರಲ್ಲಿ ಫುಲ್ಟನ್ನಿಗೆ ಬಂದವರು ಥ್ಯಾಚರ್, ಅವರೂ ಮಾಜಿಯೇ. ನಿಯಮ ಎಷ್ಟು ಬಲವಾದದ್ದೆಂದರೆ ಜಡವಸ್ತುಗಳಿಗೂ ಅನ್ವಯಿಸುತ್ತದೆ. ಲಂಡನ್ನಿನಲ್ಲಿ ಕ್ರಿಸ್ಟೊಫರ್ ರೆನ್ ವಿನ್ಯಾಸ ಮಾಡಿದ್ದ ಒಂದು ಇಗರ್ಜಿಗೆ, ಸುಸ್ಥಿತಿಯಲ್ಲಿದ್ದಷ್ಟು ಕಾಲ ಫುಲ್ಟನ್ ಪ್ರವೇಶ ಸಿಗಲಿಲ್ಲ. 1940ರ ಬಾಂಬಿಗೆ ಸುಟ್ಟು ಗೋಡೆಗಳಷ್ಟೇ ಉಳಿದ ಮೇಲೆ ಅದರ ಕಲ್ಲುಗಳು ಕಡಲು ದಾಟಿ, 1969ರ ಹೊತ್ತಿಗೆ ಕಾಲೇಜಿನ ಆವರಣದಲ್ಲಿ ಮತ್ತೆ ಇಗರ್ಜಿಯಾಗಿ ನಿಂತವು. ಬರ್ಲಿನ್ ಗೋಡೆಯೂ ಹಾಗೆಯೇ. ಬಿದ್ದ ಮೇಲೆ ಅದರ ಎಂಟು ಹಲಗೆಗಳು ಫುಲ್ಟನ್ ಸೇರಿದವು. ಚರ್ಚಿಲ್ಲರ ಮೊಮ್ಮಗಳು ಎಡ್ವಿನಾ ಸ್ಯಾಂಡಿಸ್ ಅವುಗಳಲ್ಲಿ ಮನುಷ್ಯ ದಾಟಿಹೋದ ಆಕಾರದ ಕಂಡಿಗಳನ್ನು ಕೊರೆದು ಶಿಲ್ಪ ಮಾಡಿದರು. ತಾತ ಇಳಿಬಿಟ್ಟ ಪರದೆಗೆ ಮೊಮ್ಮಗಳು ತೂತು ಮಾಡಿದ್ದು ವಂಶಪಾರಂಪರ್ಯದ ವಿಷಯ, ಪ್ರಕೃತಕ್ಕೆ ಅಪ್ರಸ್ತುತ.

ಈಗ ಪೂರ್ವಪಕ್ಷ. 1946ರ ಅದೇ ವೇದಿಕೆಯ ಮೇಲೆ ಹಾಲಿ ಅಧ್ಯಕ್ಷ ಟ್ರೂಮನ್ ಇರಲಿಲ್ಲವೇ ಎಂದು ಕೇಳಬಹುದು. ಇದ್ದರು, ಏನು ಮಾಡಿದರು ಎಂಬುದು ಮುಖ್ಯ. ಅತಿಥಿಯ ಪರಿಚಯ ಮಾಡಿಕೊಟ್ಟು ಕೂತರು. ಹಾಲಿಯವರು ಪರಿಚಯಿಸುತ್ತಾರೆ, ಮಾಜಿಯವರು ಮಾತಾಡುತ್ತಾರೆ. ಸೃಷ್ಟಿಯ ಈ ಕಾರ್ಯಹಂಚಿಕೆ ಅಲ್ಲಿ ಕಣ್ಣಿಗೆ ಕಟ್ಟುವಂತಿತ್ತು. ಅಧಿಕಾರದಲ್ಲಿದ್ದಾಗಲೇ ಫುಲ್ಟನ್ನಿಗೆ ಬಂದು ಭಾಷಣ ಮಾಡಿದವರು ಇಲ್ಲವೇ ಎಂದರೆ, ಅದಕ್ಕೂ ನಿದರ್ಶನ ಉಂಟು. 2004ರ ಏಪ್ರಿಲ್‌ನಲ್ಲಿ ಉಪಾಧ್ಯಕ್ಷ ಡಿಕ್ ಚೇನಿ ಬಂದರು. ವಿದೇಶಾಂಗ ನೀತಿಯ ಮಾತು ಹೋಗುತ್ತ ಹೋಗುತ್ತ ಚುನಾವಣೆಯ ಎದುರಾಳಿ ಜಾನ್ ಕೆರಿಯವರ ಟೀಕೆಗೆ ಹೊರಳಿತು. ಕಾಲೇಜಿನ ಅಧ್ಯಕ್ಷರೇ ಬೇಸರಪಟ್ಟು ಕೆರಿಯವರಿಗೂ ಆಹ್ವಾನವಿತ್ತರು, ಅವರೂ ಅದೇ ವಾರ ಬಂದು ಉತ್ತರ ಕೊಟ್ಟು ಹೋದರು. ಒಬ್ಬರು ಕುರ್ಚಿ ಉಳಿಸಿಕೊಳ್ಳಬೇಕಾದವರು, ಇನ್ನೊಬ್ಬರು ಹಿಡಿಯಬೇಕಾದವರು. ಪರದೆ, ಗೋಡೆ ಯಾವುದೂ ಹುಟ್ಟಲಿಲ್ಲ. ಶಾಸ್ತ್ರದಲ್ಲಿ ಇದಕ್ಕೆ ವ್ಯತಿರೇಕ ಎನ್ನುತ್ತಾರೆ: ಎಲ್ಲಿ ಬೆಂಕಿಯಿಲ್ಲವೋ ಅಲ್ಲಿ ಹೊಗೆಯೂ ಇಲ್ಲ, ಕೊಳದಲ್ಲಿ ಇಲ್ಲದ ಹಾಗೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ‘ಕಬ್ಬಿಣದ ಪರದೆ’ ಫುಲ್ಟನ್ನಿನಲ್ಲಿ ಹುಟ್ಟಿದ ಮಾತಲ್ಲ. ನಾಟಕಶಾಲೆಗಳಲ್ಲಿ ಬೆಂಕಿ ಹರಡದಂತೆ ಇಳಿಸುವ ಪರದೆಗೆ ಆ ಹೆಸರು ಮೊದಲಿನಿಂದಲೂ ಇತ್ತು. ಚರ್ಚಿಲ್ಲರೇ ಪ್ರಧಾನಿಯಾಗಿದ್ದಾಗ, 1945ರ ಮೇ 12ರಂದು ಟ್ರೂಮನ್ನರಿಗೆ ಕಳಿಸಿದ ತಂತಿಯಲ್ಲಿ ಅದನ್ನು ಬಳಸಿದ್ದರು. ಅದು ಹಾಲಿಯ ಮಾತು, ಕಡತ ಸೇರಿತು ಎಂದುಕೊಳ್ಳೋಣ. ಆದರೆ ಆಗಸ್ಟ್ 16ರಂದು ಬ್ರಿಟಿಷ್ ಸಂಸತ್ತಿನಲ್ಲಿ ಅದೇ ಪರದೆಯನ್ನು ಮತ್ತೆ ಇಳಿಸಿದಾಗ ಅವರು ಮಾಜಿಯಾಗಿದ್ದರಲ್ಲ, ಆಗೇಕೆ ಲೋಕ ನಡುಗಲಿಲ್ಲ? ಉತ್ತರ ಸೌದೆಯಲ್ಲಿದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಏಳದು, ಸೌದೆ ಹಸಿಯಾಗಿರಬೇಕು. ತಾರ್ಕಿಕರು ಇದನ್ನು ಉಪಾಧಿ ಎಂದು ಕರೆದರು. ನಮ್ಮ ಉಪಾಧಿ ಕಾಲೇಜು. ಸಂಸತ್ತಿನಲ್ಲಿ ಒಬ್ಬರು ಮಾತು ಮುಗಿಸಿದೊಡನೆ ಎದುರು ಬೆಂಚಿನಿಂದ ಇನ್ನೊಬ್ಬರು ಏಳುತ್ತಾರೆ. ಕಾಲೇಜಿನಲ್ಲಿ ಏಳುವವರು ವಂದನಾರ್ಪಣೆಯವರು. ಲೋಕವನ್ನು ಎರಡು ಹೋಳು ಮಾಡಿದ ಮಾತಿಗೂ ಅವರು ಕೃತಜ್ಞತೆಯನ್ನೇ ಸಲ್ಲಿಸಬೇಕು. ಫುಲ್ಟನ್ನಿನವರಂತೂ ಅತಿಥಿಗೆ ಗೌರವ ಡಾಕ್ಟರೇಟನ್ನೂ ಕೊಟ್ಟರು.

ಇನ್ನು ಕೊನೆಯ ಆಕ್ಷೇಪ: ಹಾಲಿಯವರಿಗೂ ಲೋಕ ಕಾಣುತ್ತದೆ, ಜಾರ್ಜ್ ಕೆನನ್ ಇಲ್ಲವೇ? ಫುಲ್ಟನ್ ಭಾಷಣಕ್ಕೆ ಹನ್ನೊಂದು ದಿನ ಮೊದಲು, ಫೆಬ್ರುವರಿ 22ರಂದು, ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ಅವರು ಕಳಿಸಿದ ‘ಉದ್ದ ತಂತಿ’ ಸೋವಿಯತ್ ನಡೆಯನ್ನು ಇದಕ್ಕಿಂತ ಆಳವಾಗಿ ಬಗೆದಿತ್ತು. ಒಪ್ಪೋಣ. ಆದರೆ ಅದು ಗುಪ್ತ ತಂತಿ. ಅದೇ ವಿಚಾರ 1947ರಲ್ಲಿ ‘ಫಾರಿನ್ ಅಫೇರ್ಸ್’ ಪತ್ರಿಕೆಯಲ್ಲಿ ಲೇಖನವಾಗಿ ಬಂದಾಗ ಲೇಖಕನ ಹೆಸರಿನ ಜಾಗದಲ್ಲಿದ್ದದ್ದು ‘ಎಕ್ಸ್’. ಹುದ್ದೆಯಲ್ಲಿದ್ದವನು ಲೋಕ ಕಂಡರೂ ಹೆಸರು ಕಳೆದುಕೊಳ್ಳಬೇಕು. ಹುದ್ದೆ ಕಳೆದುಕೊಂಡವನಿಗೆ ಕೊನೆಗೆ ಹೆಸರಾದರೂ ಉಳಿಯುತ್ತದೆ. ಮಾಜಿಯ ನಿಜವಾದ ಸೌಲಭ್ಯ ಇಲ್ಲಿದೆ. ಅವರ ಮಾತಿಗೆ ಯಾರೂ ಹೊಣೆಯಲ್ಲ. ಟ್ರೂಮನ್ ರೈಲಿನಲ್ಲೇ ಭಾಷಣದ ಪ್ರತಿ ಓದಿದ್ದರೂ, ಗದ್ದಲವೆದ್ದಾಗ ಅದರಲ್ಲೇನಿದೆಯೆಂದು ಮೊದಲೇ ಗೊತ್ತಿರಲಿಲ್ಲ ಎಂದರು. ಬ್ರಿಟನ್ನಿನ ಅಟ್ಲೀ ಸರ್ಕಾರವೂ ದೂರ ನಿಂತಿತು. ಮಾತು ಪೂರ್ತಿ ಹೇಳಿದಂತೆಯೂ ಆಯಿತು, ಸರ್ಕಾರದಲ್ಲಿ ಯಾರೂ ಹೇಳದಂತೆಯೂ ಆಯಿತು. ರಾಜತಂತ್ರ ಬೇಡುವ ಈ ಅದ್ವೈತವನ್ನು ದತ್ತಿ ಉಪನ್ಯಾಸದ ಖರ್ಚಿನಲ್ಲಿ ಒದಗಿಸುವ ಸಂಸ್ಥೆ ಕಾಲೇಜೊಂದೇ. ಎರಡು ವಾರದೊಳಗೆ ಸ್ಟಾಲಿನ್ ‘ಪ್ರಾವ್ದಾ’ದಲ್ಲಿ ಖುದ್ದಾಗಿ ಉತ್ತರ ಕೊಟ್ಟು, ಮಾಜಿಯ ಮಾತಿಗೆ ಹಾಲಿಯ ಮುದ್ರೆ ಒತ್ತಿದರು.

ಆದ್ದರಿಂದ ನಿಗಮನ: ಉಪನ್ಯಾಸ ಸಮಿತಿಯ ಕಾರ್ಯದರ್ಶಿ ಮತ ಎಣಿಕೆಯ ಮರುದಿನ ಪತ್ರಿಕೆಯಲ್ಲಿ ನೋಡಬೇಕಾದದ್ದು ಗೆದ್ದವರ ಪಟ್ಟಿಯನ್ನಲ್ಲ, ಸೋತವರದನ್ನು. ಆಹ್ವಾನವೂ ಬೇಗ ಹೋಗಬೇಕು, ಏಕೆಂದರೆ ಮಾಜಿತ್ವ ಶಾಶ್ವತವಲ್ಲ. ಚರ್ಚಿಲ್ 1951ರಲ್ಲಿ ಮತ್ತೆ ಪ್ರಧಾನಿಯಾದರು. ಕುರ್ಚಿ ಮರಳಿದ್ದೇ ತಡ, ದೃಷ್ಟಿ ಮಂಜಾಗಿ, 1953ರಲ್ಲಿ ಅದೇ ಪರದೆಯ ಹಿಂದಿನವರೊಡನೆ ಶೃಂಗಸಭೆ ನಡೆಸೋಣವೆಂದು ಹೊರಟರು. ಅದು ಮಂಜಲ್ಲ, ಆಗ ಕಣ್ಣು ನಿಜಕ್ಕೂ ತೆರೆದಿತ್ತು ಎನ್ನುವವರು ಇರಬಹುದು. ಹಾಗೆ ಒಪ್ಪಿದರೆ ಈ ಪ್ರಬಂಧವೇ ಬಿದ್ದುಹೋಗುವುದರಿಂದ ಆ ವಾದವನ್ನು ಇಲ್ಲಿ ಪರಿಗಣಿಸಿಲ್ಲ. ಪ್ರಯೋಗಕ್ಕಿಳಿಯುವ ಕಾಲೇಜುಗಳಿಗೆ ಒಂದು ಎಚ್ಚರಿಕೆ ಮಾತ್ರ ಉಳಿದಿದೆ. ಈ ಸಿದ್ಧಾಂತವನ್ನು ಅತಿಥಿಗಳ ಕಿವಿಗೆ ಹಾಕಬಾರದು, ಆಹ್ವಾನಪತ್ರಿಕೆಯಲ್ಲಂತೂ ಅವರ ಹೆಸರಿನ ಹಿಂದೆ ‘ಮಾಜಿ’ ಎಂದು ಎಂದಿಗೂ ಅಚ್ಚು ಹಾಕಿಸಬಾರದು. ಲೋಕವೆಲ್ಲ ನಿಚ್ಚಳವಾಗಿ ಕಾಣುವ ಆ ಕಣ್ಣುಗಳು ನೋಡಲೊಲ್ಲದ ಎರಡಕ್ಷರ ಅದೊಂದೇ.