ಕಾಗದದ ಕೋಬಾಲ್ಟ್

ಸರ್ಕಾರಕ್ಕೆ ಲಿಥಿಯಂ ಹುಚ್ಚು ಹಿಡಿದು ಕೆಲವು ವರ್ಷಗಳಾದವು. ಮಂಡ್ಯ ಜಿಲ್ಲೆಯ ಅಲ್ಲಾಪಟ್ಟಣದ ಸುತ್ತಿನ ಬಂಡೆಗಳಲ್ಲಿ 14,100 ಟನ್ ಇದೆಯೆಂದು 2020ರಲ್ಲಿ ಸುದ್ದಿಯಾಯಿತು. ಮರುವರ್ಷ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಹೊತ್ತಿಗೆ ಅದು 1,600 ಟನ್ನಿಗೆ ಇಳಿದಿತ್ತು. ಕಬ್ಬಿನ ತೂಕದಲ್ಲಿ ಮೋಸಹೋಗಿ ರೂಢಿಯಿರುವ ಮಂಡ್ಯದವರು ಹೆಚ್ಚು ಬೇಜಾರು ಮಾಡಿಕೊಂಡಂತಿಲ್ಲ. 2024ರಲ್ಲಿ ಅರ್ಜೆಂಟೀನಾದ ಕಟಮಾರ್ಕಾಕ್ಕೇ ಹೋಗಿ ಐದು ಬ್ಲಾಕ್ ಹಿಡಿದುಕೊಂಡು ಬಂದೆವು.

ಅಷ್ಟು ದೂರದ ಗಣಿಗೆ ಪಾಸ್‌ಪೋರ್ಟ್ ಬೇಕು. ಟಿವಿ ಸ್ಟ್ಯಾಂಡಿನ ಡ್ರಾಯರ್ ಎಂಬ ಗಣಿಗೆ ಏನೂ ಬೇಡ. ಹೊಟ್ಟೆ ಉಬ್ಬಿಸಿಕೊಂಡ ಹಳೇ ಮೊಬೈಲು, ಸತ್ತ ಪವರ್ ಬ್ಯಾಂಕು, ಜೊತೆ ತಪ್ಪಿದ ಇಯರ್‌ಬಡ್ಡು ಎಲ್ಲ ಅಲ್ಲೇ ಇವೆ. ಅವನ್ನು ಗುಜರಿಯವನ ಮುಂದೆ ಸುರಿದು ನೋಡಿ. "ಉಬ್ಬಿದ್ದು ಬ್ಯಾಡ ಸಾರ್, ಗಾಡೀಲೇ ಬೆಂಕಿ ಹತ್ಕೊಳ್ತದೆ" ಅನ್ನುತ್ತಾನೆ. ಸ್ಕೂಟರಿನ ಬ್ಯಾಟರಿ ತೋರಿಸಿದರೆ ಇನ್ನೊಂದು ಪ್ರಶ್ನೆ: "ಕೋಬಾಲ್ಟಾ, ಫಾಸ್ಫೇಟಾ?" ಲಾಭನಷ್ಟವೆಲ್ಲ ಆ ಪ್ರಶ್ನೆಯಲ್ಲೇ ಇದೆ. ಬ್ಯಾಟರಿ ಪುಡಿ ಮಾಡಿದರೆ ಸಿಗುವ ಕರಿಪುಡಿಯನ್ನು ಆ್ಯಸಿಡ್ಡಿನಲ್ಲಿ ಕರಗಿಸಿ ಕೋಬಾಲ್ಟ್, ನಿಕ್ಕಲ್, ಲಿಥಿಯಂ ತೆಗೆಯಬಹುದು. ಕುಲುಮೆಗೆ ಹಾಕಿದರೆ ಮೊದಲೆರಡು ಕೈಗೆ ಬರುತ್ತವೆ, ಲಿಥಿಯಂ ಕಿಟ್ಟದ ಪಾಲು. ಫಾಸ್ಫೇಟ್ ಬ್ಯಾಟರಿಯಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಹಾಗಾಗಿ ಅದಕ್ಕೆ ನೆಂಟರೂ ಇಲ್ಲ.

ಇಷ್ಟೆಲ್ಲ ಕಷ್ಟ ಯಾಕೆಂದೇ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಸುಲಭದ ದಾರಿಯೊಂದನ್ನು ಇಟ್ಟಿವೆ. ಬ್ಯಾಟರಿ ಮಾರುವ ಕಂಪನಿ ತಾನೇ ಹಳೆಯದನ್ನು ಹೊತ್ತು ತರಬೇಕಿಲ್ಲ. ಮರುಬಳಕೆ ಮಾಡುವವನಿಂದ ಸರ್ಟಿಫಿಕೇಟು ಕೊಂಡರೆ ಸಾಕು. ನಿಯಮದ ಪ್ರಕಾರ 2026–27ರಿಂದ ಶೇ 90ರಷ್ಟು ವಸ್ತು ವಾಪಸ್ ಬರಬೇಕು. ಬ್ಯಾಟರಿಯಿಂದ ಅಷ್ಟು ತೆಗೆಯಲು ಕಾರ್ಖಾನೆ ಬೇಕು, ಸರ್ಟಿಫಿಕೇಟಿಗೆ ಪ್ರಿಂಟರ್ ಸಾಲದೇ? ಈ ವಿದ್ಯೆಯಲ್ಲಿ ನಮ್ಮವರು ಪಳಗಿದ್ದಾರೆ ಕೂಡ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ಲಾಸ್ಟಿಕ್ಕಿನ ಲೆಕ್ಕ ಕೆದಕಿದಾಗ ಬೆರಳೆಣಿಕೆಯ ಘಟಕಗಳಿಂದ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟು ಹೊರಬಿದ್ದಿತ್ತು. ಗುಜರಾತ್, ಮಹಾರಾಷ್ಟ್ರದ ಜೊತೆ ಕರ್ನಾಟಕದ ಹೆಸರೂ ಅದರಲ್ಲಿತ್ತು. ಉದ್ಯಮದಲ್ಲಿ ಕನ್ನಡಿಗರು ಹಿಂದೆ ಬಿದ್ದಿದ್ದಾರೆಂದು ಯಾರೂ ಹೇಳುವಂತಿಲ್ಲ.

ಒಂದು ಆತಂಕ ಉಳಿದಿತ್ತು. 2027–28ರಿಂದ ವಿದ್ಯುತ್ ವಾಹನದ ಹೊಸ ಬ್ಯಾಟರಿಯಲ್ಲಿ ಶೇ 5ರಷ್ಟಾದರೂ ದೇಶದಲ್ಲೇ ಮರುಬಳಕೆಯಾದ ವಸ್ತು ಇರಬೇಕೆಂದು ಅದೇ ನಿಯಮ ಹೇಳುತ್ತದೆ. ಸರ್ಟಿಫಿಕೇಟು ಕರಗಿಸಿದರೆ ನಿಕ್ಕಲ್ ಬರುವುದಿಲ್ಲವಲ್ಲ! ಪುಣ್ಯಕ್ಕೆ ನಿಯಮ ಬರೆದವರು ದೂರದೃಷ್ಟಿಯವರು. ಸೆಲ್ಲು ಆಮದಾದದ್ದಾದರೆ ಅಷ್ಟೇ ತೂಕದ ಮರುಬಳಕೆ ವಸ್ತುವನ್ನು ಬೇರೆ ಯಾವುದೋ ಉದ್ಯಮ ಬಳಸಿದರೂ ನಡೆಯುತ್ತದೆ, ರಫ್ತು ಮಾಡಿದರೂ ನಡೆಯುತ್ತದೆ. ಏಕಾದಶಿ ನನ್ನದು, ಉಪವಾಸ ಪಕ್ಕದ ಮನೆಯವರದು. ನಮ್ಮ ಸೆಲ್ಲುಗಳಲ್ಲಿ ಬಹುಪಾಲು ಆಮದೇ ಆದ್ದರಿಂದ, ಅಲ್ಲಿಗೂ ಯಾರೂ ಹಸಿದಿರಬೇಕಾಗಿಲ್ಲ.